ರಿಂಗ್ ಕೆಳಗಿನ ಜಾಗ: ವೆಂಬನ್ಯಾಮ ಮತ್ತು ಶೆಂಗುನ್

(2025ರ ಅಕ್ಟೋಬರ್ ಮೊದಲ ವಾರ, ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಹೊಸ ಸೀಸನ್ ಶುರುವಾಗುವ ಮುಂಚೆ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಕನ್ನಡದ ಮನೆಗಳ ಮಕ್ಕಳು ಮತ್ತು ಹಿರಿಯರ ಮುಂದೆ ಆಡಿದ ಮಾತು. ಅವತ್ತು ಹೇಳಲು ಮರೆತ ಒಂದೆರಡು ವಿಷಯವನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗಲೇ ನೋಡಿದೆ. ಮುಂದಿನ ಸಾಲಿನ ಮಕ್ಕಳಲ್ಲಿ ಅರ್ಧ ಜನ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಕಪ್ಪು ಜರ್ಸಿ ಹಾಕಿದ್ದಾರೆ. ಇನ್ನರ್ಧ ಜನ ಹ್ಯೂಸ್ಟನ್ ರಾಕೆಟ್ಸ್‌ನ ಕೆಂಪು ಜರ್ಸಿ. ನಮ್ಮ ಆಸ್ಟಿನ್ ಇರುವ ಜಾಗವೇ ಅಂಥದ್ದು. ಆ ಕಡೆ ಒಂದೂವರೆ ಗಂಟೆ ಕಾರು ಓಡಿಸಿದರೆ ಸ್ಪರ್ಸ್, ಈ ಕಡೆ ಮೂರು ಗಂಟೆ ಓಡಿಸಿದರೆ ರಾಕೆಟ್ಸ್. ಒಂದೇ ಮನೆಯಲ್ಲಿ ಅಣ್ಣ ಒಂದು ತಂಡ, ತಂಗಿ ಇನ್ನೊಂದು ತಂಡ.

ಬಾಗಿಲ ಹತ್ತಿರ ಒಬ್ಬ ಹುಡುಗ ನನ್ನನ್ನು ನಿಲ್ಲಿಸಿ ಕೇಳಿದ: "ಅಂಕಲ್, ವೆಂಬಿ ಜಾಸ್ತಿ ಒಳ್ಳೆ ಪ್ಲೇಯರ್ರಾ, ಶೆಂಗುನ್ನಾ?" ಉತ್ತರ ಹೇಳ್ತೀನಿ ಕಣೋ, ಆದರೆ ಸ್ವಲ್ಪ ತಡವಾಗಿ ಅಂದೆ. ವೆಂಬಿ ಅಂದರೆ ಸ್ಪರ್ಸ್‌ನ ವಿಕ್ಟರ್ ವೆಂಬನ್ಯಾಮ, ಶೆಂಗುನ್ ಅಂದರೆ ರಾಕೆಟ್ಸ್‌ನ ಆಲ್ಪೆರೆನ್ ಶೆಂಗುನ್. ಈ ಇಬ್ಬರೂ ರಿಂಗ್ ಹತ್ತಿರ ಆಡುವವರು. ಇಬ್ಬರೂ ಬೇರೆ ದೇಶದಿಂದ ಟೆಕ್ಸಾಸ್‌ಗೆ ಬಂದವರು. ಒಬ್ಬನಿಗೆ 21, ಇನ್ನೊಬ್ಬನಿಗೆ 23. ಆದರೆ ಒಂದೇ ಕೆಲಸವನ್ನು ಇಷ್ಟು ಬೇರೆ ಬೇರೆ ದಾರಿಯಲ್ಲಿ ಮಾಡುವ ಇನ್ನೊಂದು ಜೋಡಿಯನ್ನು ನಾನು ನೋಡಿಲ್ಲ.

ಎರಡು ರಾತ್ರಿಗಳ ಕಥೆಯಿಂದ ಶುರು ಮಾಡುತ್ತೇನೆ. ಎರಡೂ 2024ರಲ್ಲಿ ನಡೆದದ್ದು. ನಡುವೆ ಎರಡು ವಾರವೂ ಇಲ್ಲ.

ಫೆಬ್ರವರಿ 23. ಲಾಸ್ ಏಂಜಲೀಸ್‌ನಲ್ಲಿ ಲೇಕರ್ಸ್ ವಿರುದ್ಧ ಆಟ. ವಿಕ್ಟರ್ ವೆಂಬನ್ಯಾಮಗೆ ಎನ್‌ಬಿಎಯಲ್ಲಿ ಅದು ಮೊದಲ ವರ್ಷ. 27 ಪಾಯಿಂಟ್, 10 ರಿಬೌಂಡ್, 8 ಅಸಿಸ್ಟ್, 5 ಸ್ಟೀಲ್, 5 ಬ್ಲಾಕ್. (ರಿಂಗ್ ಒಳಗೆ ಬೀಳದೆ ಪುಟಿದ ಚೆಂಡು ಹಿಡಿದರೆ ರಿಬೌಂಡ್, ಗೆಳೆಯ ಪಾಯಿಂಟ್ ಮಾಡುವ ಹಾಗೆ ಪಾಸ್ ಕೊಟ್ಟರೆ ಅಸಿಸ್ಟ್, ಎದುರಾಳಿಯಿಂದ ಚೆಂಡು ಕಿತ್ತುಕೊಂಡರೆ ಸ್ಟೀಲ್, ಅವನು ರಿಂಗ್ ಕಡೆ ಎಸೆದದ್ದನ್ನು ತಡೆದರೆ ಬ್ಲಾಕ್.) ಲೆಕ್ಕ ಇಡುವ ಐದೂ ಕಾಲಂಗಳಲ್ಲಿ ಐದು ಅಥವಾ ಅದಕ್ಕಿಂತ ಜಾಸ್ತಿ. ದೊಡ್ಡ ದೊಡ್ಡ ಆಟಗಾರರಿಗೂ ಜೀವಮಾನದಲ್ಲಿ ಒಮ್ಮೆಯೂ ಸಿಗದ ಸಾಲು ಅದು.

ಮಾರ್ಚ್ 5. ಹ್ಯೂಸ್ಟನ್‌ನಲ್ಲಿ ಅದೇ ವೆಂಬನ್ಯಾಮನ ತಂಡ ರಾಕೆಟ್ಸ್ ವಿರುದ್ಧ ಆಡಿತು. ಅವತ್ತು ಆಲ್ಪೆರೆನ್ ಶೆಂಗುನ್ 45 ಪಾಯಿಂಟ್ ಹೊಡೆದ. ಜೊತೆಗೆ 16 ರಿಬೌಂಡ್, 5 ಸ್ಟೀಲ್. ರಾಕೆಟ್ಸ್ 114-101ರಲ್ಲಿ ಗೆದ್ದಿತು. ರಿಂಗ್ ಹತ್ತಿರ ಜಗತ್ತಿನಲ್ಲೇ ಅತಿ ಉದ್ದದ ಕೈ ಕಾಯುತ್ತಿರುವಾಗ, ಅದೇ ರಿಂಗ್ ಹತ್ತಿರ ನಿಂತು ಒಬ್ಬ 45 ಪಾಯಿಂಟ್ ಮಾಡಿದ. ನಾನು ಮನೆಯಲ್ಲಿ ಟಿವಿ ಮುಂದೆ ಕೂತಿದ್ದವನು ಎದ್ದು ನಿಂತು ನೋಡಿದೆ. ಅವನು ಎತ್ತರಕ್ಕೆ ಹಾರುತ್ತಿರಲಿಲ್ಲ, ಜೋರಾಗಿ ಓಡುತ್ತಲೂ ಇರಲಿಲ್ಲ. ಮತ್ತೆ ಹೇಗೆ?

ಆ "ಹೇಗೆ" ಅನ್ನೋದೇ ಇವತ್ತಿನ ವಿಷಯ.

ಹಿಂದೆ ಕೂತಿರುವ ಅಜ್ಜಿ-ತಾತಂದಿರಿಗಾಗಿ ಒಂದು ಮಾತು. ಬಾಸ್ಕೆಟ್‌ಬಾಲ್ ರಿಂಗ್ ನೆಲದಿಂದ ಹತ್ತು ಅಡಿ ಎತ್ತರದಲ್ಲಿರುತ್ತದೆ. ಅದರ ಕೆಳಗೆ ಬಣ್ಣ ಬಳಿದ ಒಂದು ಚೌಕ ಇದೆಯಲ್ಲ, ಅದಕ್ಕೆ ಪೇಂಟ್ ಅನ್ನುತ್ತಾರೆ. ಆಟದಲ್ಲಿ ಅತಿ ಬೆಲೆಬಾಳುವ ಸೈಟು ಅದು. ಅಲ್ಲಿಂದ ಹಾಕಿದ ಚೆಂಡು ಒಳಗೆ ಬೀಳುವುದು ಜಾಸ್ತಿ. ಅದಕ್ಕೇ ಮೊದಲಿನಿಂದಲೂ ಉದ್ದ ಇರುವವರನ್ನು ಅಲ್ಲಿ ನಿಲ್ಲಿಸುತ್ತಾ ಬಂದರು. ಬಿಗ್ ಮ್ಯಾನ್ ಅಂದರೆ ಅವನೇ.

1979ರಲ್ಲಿ ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂತು. ಅದರ ಹೊರಗಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್. 2001ರಲ್ಲಿ ಜೋನ್ ಡಿಫೆನ್ಸ್‌ಗೆ, ಅಂದರೆ ಒಬ್ಬೊಬ್ಬ ಆಟಗಾರನ ಬದಲು ಜಾಗವನ್ನು ಕಾಯುವುದಕ್ಕೆ, ಅವಕಾಶ ಕೊಟ್ಟರು. ರಿಂಗ್‌ಗೆ ಬೆನ್ನು ಕೊಟ್ಟು ನಿಂತ ಬಿಗ್ ಮ್ಯಾನ್‌ಗೆ ಚೆಂಡು ಸಿಕ್ಕ ಕೂಡಲೇ ಇನ್ನೊಬ್ಬ ಬಂದು ಸುತ್ತಿಕೊಳ್ಳುವುದು ಸುಲಭವಾಯಿತು. ಅದೇ ಹೊತ್ತಿಗೆ ತಂಡಗಳು ಲೆಕ್ಕ ಹಾಕಿದವು. ಹತ್ತಿರದಿಂದ ಎರಡಕ್ಕೆ ಒಂದು ಬಿದ್ದರೆ, ಪ್ರತಿ ಪ್ರಯತ್ನಕ್ಕೆ ಒಂದು ಪಾಯಿಂಟ್. ದೂರದಿಂದ ಮೂರಕ್ಕೆ ಒಂದೇ ಬಿದ್ದರೂ ಅಷ್ಟೇ ಪಾಯಿಂಟ್. ಹಾಗಿದ್ದರೆ ಆ ನೂಕುನುಗ್ಗಲಿನಲ್ಲಿ ಯಾಕೆ ಗುದ್ದಾಡಬೇಕು? ಹೀಗೆ ಬಿಗ್ ಮ್ಯಾನ್‌ಗಳು ಒಬ್ಬೊಬ್ಬರೇ ಪೇಂಟ್ ಬಿಟ್ಟು ಹೊರಗೆ ಬಂದರು. ಹೊರಗಿಂದ ಹೊಡೆಯಲು ಬಾರದವರು ಮನೆಗೆ ಹೋದರು.

ಇಂಥ ಕಾಲದಲ್ಲಿ ಬಂದವನು ಶೆಂಗುನ್. ಹಳೇ ಕಾಲದ ಆಟ ಆಡುವ ಹೊಸ ಹುಡುಗ.

ಅವನು ಹುಟ್ಟಿದ್ದು 2002ರ ಜುಲೈ 25ರಂದು, ಟರ್ಕಿಯ ಗಿರೆಸುನ್‌ನಲ್ಲಿ. ಕಪ್ಪು ಸಮುದ್ರದ ದಡದ ಊರು. ನಮಗೆ ಚಿಕ್ಕಮಗಳೂರು ಅಂದರೆ ಕಾಫಿ ನೆನಪಾಗುವ ಹಾಗೆ ಅವರಿಗೆ ಗಿರೆಸುನ್ ಅಂದರೆ ಹೇಝಲ್‌ನಟ್. ಅಲ್ಲಿಂದ ಚಿಕ್ಕವನಿದ್ದಾಗಲೇ ದೂರದ ಬಾಂದಿರ್ಮ ಊರಿಗೆ ಹೋದ. ಅಲ್ಲಿ ಬಾನ್ವಿತ್ ಅಂತ ಒಂದು ಕ್ಲಬ್. ಕೋಳಿ ಮಾಂಸ ಮಾರುವ ಕಂಪನಿಯೊಂದು ಕಟ್ಟಿದ ಕ್ಲಬ್ ಅದು. ದೊಡ್ಡ ನಗರವಲ್ಲ, ದೊಡ್ಡ ಹೆಸರಲ್ಲ. ಆದರೆ ಅಲ್ಲಿ ಮಕ್ಕಳಿಗೆ ಆಟ ಕಲಿಸುತ್ತಿದ್ದರು. 2020ರಲ್ಲಿ ಇಸ್ತಾಂಬುಲ್‌ನ ಬೆಶಿಕ್ತಾಶ್ ತಂಡ ಸೇರಿದ. ಆ ಒಂದೇ ಸೀಸನ್‌ನಲ್ಲಿ ಟರ್ಕಿಯ ದೊಡ್ಡ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. ಆಗ ಅವನಿಗೆ 18 ವರ್ಷ. ಎದುರು ಆಡಿದವರೆಲ್ಲ ಮೂವತ್ತರ ಆಸುಪಾಸಿನ ಗಟ್ಟಿ ಗಂಡಸರು.

ಇಷ್ಟಾದರೂ 2021ರ ಎನ್‌ಬಿಎ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸುವಾಗ, ಅವನ ಹೆಸರು ಕರೆದದ್ದು ಹದಿನಾರನೆಯದಾಗಿ. 19 ತುಂಬಿ ನಾಲ್ಕೇ ದಿನ ಆಗಿತ್ತು. ಒಕ್ಲಹೋಮ ಸಿಟಿ ತಂಡ ಆರಿಸಿ, ಮುಂದಿನ ವರ್ಷಗಳ ಎರಡು ಮೊದಲ ಸುತ್ತಿನ ಪಿಕ್ (ಆರಿಸುವ ಸರದಿ) ತಗೊಂಡು ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟಿತು. ಹಿಂದೆ ಸರಿದ ತಂಡಗಳ ಅನುಮಾನ ಸರಳ. ಹಾರಲ್ಲ, ದೂರದಿಂದ ಹೊಡೆಯಲ್ಲ, ಬೆನ್ನು ಕೊಟ್ಟು ಆಡ್ತಾನೆ. ಈ ಕಾಲಕ್ಕೆ ಇವನು ನಡೀತಾನಾ?

ಆ ಅನುಮಾನದ ಬಗ್ಗೆ ನನಗೆ ಸಿಟ್ಟಿದೆ. ಯಾಕೆಂದರೆ 2014ರಲ್ಲಿ ಇದೇ ಅನುಮಾನದಿಂದ ಸರ್ಬಿಯಾದ ನಿಕೋಲ ಯೋಕಿಚ್ 41ನೇ ಸ್ಥಾನಕ್ಕೆ ಜಾರಿದ್ದ. ಅವನ ಹೆಸರು ಬಂದಾಗ ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು. ಅದೇ ಯೋಕಿಚ್ 2021, 2022, 2024ರಲ್ಲಿ ಎನ್‌ಬಿಎಯ ಅತ್ಯುತ್ತಮ ಆಟಗಾರನಾದ. ಒಂದು ಸಲ ತಪ್ಪು ಮಾಡಿದವರು ಏಳು ವರ್ಷದ ನಂತರ ಅದೇ ತಪ್ಪನ್ನು ಮತ್ತೆ ಮಾಡಿದರು, ಅಲ್ವಾ?

ಇನ್ನು ವೆಂಬನ್ಯಾಮ. ಇವನ ವಿಷಯದಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಪ್ಯಾರಿಸ್ ಹತ್ತಿರದ ಲ ಶೆನೆಯಲ್ಲಿ 2004ರ ಜನವರಿ 4ರಂದು ಹುಟ್ಟಿದ. ಅಪ್ಪ ಕಾಂಗೋ ಮೂಲದವರು, ಜಿಗಿತದ ಸ್ಪರ್ಧೆಗಳ ಅಥ್ಲೀಟ್. ಅಮ್ಮ ಬಾಸ್ಕೆಟ್‌ಬಾಲ್ ಆಡಿದವರು, ಮಕ್ಕಳಿಗೆ ಕೋಚ್ ಆದವರು. ಅಕ್ಕ, ತಮ್ಮ ಇಬ್ಬರೂ ಬಾಸ್ಕೆಟ್‌ಬಾಲ್. ನಾಂತೇರ್ ಕ್ಲಬ್‌ನಲ್ಲಿ ಬೆಳೆದು, 15ನೇ ವಯಸ್ಸಿಗೆ ದೊಡ್ಡವರ ಪಂದ್ಯಕ್ಕೆ ಇಳಿದ. ಆಮೇಲೆ ಸ್ಪರ್ಸ್‌ನ ಹಳೆಯ ಆಟಗಾರ ಟೋನಿ ಪಾರ್ಕರ್ ಅವರ ಆಸ್ವೆಲ್ ತಂಡ. ಅದಾದ ಮೇಲೆ ಮೆಟ್ರೊಪಾಲಿಟನ್ಸ್ 92, ಅಲ್ಲಿ ಫ್ರಾನ್ಸ್ ರಾಷ್ಟ್ರೀಯ ತಂಡದ ಕೋಚ್ ವಿನ್ಸೆಂಟ್ ಕೊಲೆ ಅವರ ಕೈಯಲ್ಲಿ ಪಳಗಿದ. 2022ರ ಅಕ್ಟೋಬರ್‌ನಲ್ಲಿ ಆ ತಂಡ ಲಾಸ್ ವೇಗಸ್ ಹತ್ತಿರ ಎರಡು ಪ್ರದರ್ಶನ ಪಂದ್ಯ ಆಡಿತು. ಅವನು 37 ಮತ್ತು 36 ಪಾಯಿಂಟ್ ಮಾಡಿದ. ಅಲ್ಲಿಗೆ ಇಡೀ ಅಮೆರಿಕ ಕ್ಯಾಲೆಂಡರ್ ನೋಡಿಕೊಂಡು ಕೂತಿತು. 2023ರ ಜೂನ್ 22ರಂದು ಸ್ಪರ್ಸ್ ಅವನನ್ನು ಮೊದಲನೆಯವನಾಗಿ ಆರಿಸಿತು.

ಒಂದು ಅಳತೆ ಹೇಳುತ್ತೇನೆ, ಮಕ್ಕಳೇ ಊಹಿಸಿಕೊಳ್ಳಿ. ವೆಂಬನ್ಯಾಮನ ಎತ್ತರ ಏಳು ಅಡಿ ಮೂರು-ನಾಲ್ಕು ಇಂಚು. ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ ಎಂಟು ಅಡಿ. ಅವನು ಹಿಮ್ಮಡಿ ಎತ್ತದೆ, ಸುಮ್ನೆ ನಿಂತು ಕೈ ಮೇಲೆ ಮಾಡಿದರೆ ರಿಂಗ್‌ಗೆ ಒಂದು ಗೇಣೂ ಬಾಕಿ ಇರುವುದಿಲ್ಲ. ಶೆಂಗುನ್ ಆರಡಿ ಹನ್ನೊಂದು ಇಂಚು. ನಮ್ಮ ನಡುವೆ ನಿಂತರೆ ದೈತ್ಯ. ವೆಂಬನ್ಯಾಮನ ಪಕ್ಕ ನಿಂತರೆ ತಮ್ಮನ ಹಾಗೆ ಕಾಣುತ್ತಾನೆ, ವಯಸ್ಸಿನಲ್ಲಿ ಅವನೇ ಅಣ್ಣನಾದರೂ.

ಈಗ ಆಟಕ್ಕೆ ಬರೋಣ.

ವೆಂಬನ್ಯಾಮ ಮಾಡುವ ಮುಖ್ಯ ಕೆಲಸ ಎದುರಾಳಿಯ ಜಾಗವನ್ನು ಕಿತ್ತುಕೊಳ್ಳುವುದು. ಮೊದಲ ವರ್ಷವೇ ಪಂದ್ಯಕ್ಕೆ ಸರಾಸರಿ 3.6 ಬ್ಲಾಕ್, ಇಡೀ ಲೀಗ್‌ನಲ್ಲಿ ಅತಿ ಹೆಚ್ಚು. ಎರಡನೇ ವರ್ಷ 3.8. ಮೊದಲ ವರ್ಷದ ಆಟಗಾರನೊಬ್ಬ ಡಿಫೆನ್ಸ್‌ನ ಮೊದಲ ತಂಡಕ್ಕೆ (ವರ್ಷದ ಅತ್ಯುತ್ತಮ ಕಾಯುವವರ ಪಟ್ಟಿಗೆ) ಆಯ್ಕೆಯಾದದ್ದು ಎನ್‌ಬಿಎಯಲ್ಲಿ ಅದೇ ಮೊದಲು. ಆದರೆ ನೀವು ಆಟ ನೋಡುವಾಗ ಬ್ಲಾಕ್ ಎಣಿಸಬೇಡಿ. ಬೇರೆ ಒಂದನ್ನು ಎಣಿಸಿ. ಎದುರು ತಂಡದ ಹುಡುಗ ಚೆಂಡು ಹಿಡಿದು ರಿಂಗ್ ಕಡೆ ನುಗ್ಗುತ್ತಾನೆ. ತಲೆ ಎತ್ತುತ್ತಾನೆ. ವೆಂಬನ್ಯಾಮ ಕಾಣುತ್ತಾನೆ. ಹುಡುಗ ಅಲ್ಲೇ ತಿರುಗಿ ಚೆಂಡನ್ನು ಹೊರಗೆ ಕೊಟ್ಟುಬಿಡುತ್ತಾನೆ. ಇದು ಯಾವ ಕಾಲಂನಲ್ಲೂ ಬರೆಯಲ್ಪಡುವುದಿಲ್ಲ. ಒಂದು ಪಂದ್ಯದಲ್ಲಿ ಇಂಥ ಎಷ್ಟು ತಿರುಗಾಟ ಆಗುತ್ತವೆ ಅಂತ ಎಣಿಸಿ ನೋಡಿ. ಆಗ ಅವನ ನಿಜವಾದ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಎನ್‌ಬಿಎಯಲ್ಲಿ ಕಾಯುವವನು ಯಾರನ್ನೂ ಹತ್ತಿರದಿಂದ ಕಾಯದೆ ಪೇಂಟ್ ಒಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲುವ ಹಾಗಿಲ್ಲ. ಒಲಿಂಪಿಕ್ಸ್‌ನಲ್ಲಿ, ಯೂರೋಪಿನ ಟೂರ್ನಿಗಳಲ್ಲಿ ನಡೆಯುವ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಆ ತಡೆ ಇಲ್ಲ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಅಷ್ಟೇ ಅಲ್ಲ, ಫಿಬಾ ಆಟದಲ್ಲಿ ಚೆಂಡು ಒಮ್ಮೆ ರಿಂಗ್‌ಗೆ ತಾಗಿದ ಮೇಲೆ, ರಿಂಗ್ ಮೇಲೆ ಕುಣಿಯುತ್ತಿದ್ದರೂ ಯಾರು ಬೇಕಾದರೂ ತಳ್ಳಬಹುದು. ಎನ್‌ಬಿಎಯಲ್ಲಿ ಅದು ತಪ್ಪು. ಅಂದರೆ ಎನ್‌ಬಿಎ ನಿಯಮಗಳು ವೆಂಬನ್ಯಾಮನಂಥವನ ಕೈಯನ್ನು ಸ್ವಲ್ಪ ಕಟ್ಟಿಹಾಕಿವೆ. ಕಟ್ಟಿಹಾಕಿದ ಮೇಲೂ ಇಷ್ಟು ಅನ್ನೋದು ನೆನಪಿರಲಿ.

ಶೆಂಗುನ್ ಮಾಡುವುದು ಇದಕ್ಕೆ ಪೂರ್ತಿ ಉಲ್ಟಾ. ಇಲ್ಲದ ಜಾಗವನ್ನು ಅವನು ಹುಟ್ಟಿಸುತ್ತಾನೆ.

ಕಬಡ್ಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳ್ಳೆಯ ರೈಡರ್ ಎದುರಾಳಿಯ ಮುಖ ನೋಡುವುದಿಲ್ಲ, ಕಾಲು ನೋಡುತ್ತಾನೆ. ಭಾರ ಎಡಗಾಲಿನ ಮೇಲೆ ಬಿತ್ತು ಅಂದ ಕೂಡಲೇ ಬಲಕ್ಕೆ ಜಾರುತ್ತಾನೆ. ಶೆಂಗುನ್ ಅದನ್ನೇ ಬೆನ್ನಿನಲ್ಲಿ ಮಾಡುತ್ತಾನೆ. ರಿಂಗ್‌ಗೆ ಬೆನ್ನು ಹಾಕಿ ನಿಂತಿರುತ್ತಾನೆ, ಹಿಂದೆ ಇರುವವನನ್ನು ನೋಡಲು ಆಗುವುದಿಲ್ಲ. ಆದರೆ ಅವನ ಎದೆ ತನ್ನ ಬೆನ್ನಿಗೆ ಎಲ್ಲಿ ಒತ್ತುತ್ತಿದೆ ಅಂತ ಗೊತ್ತಾಗುತ್ತದೆ. ಒತ್ತಡ ಎಡಭುಜದ ಮೇಲಿದ್ದರೆ ಬಲಕ್ಕೆ ತಿರುಗುತ್ತಾನೆ. ತಿರುಗಿದ ಹಾಗೆ ಮಾಡಿ ತಿರುಗದೆ ಇರುತ್ತಾನೆ. ಭುಜ ಕುಣಿಸುತ್ತಾನೆ, ಚೆಂಡನ್ನು ಮೇಲೆ ತೋರಿಸುತ್ತಾನೆ. ಕಾಯುವವನು ಹಾರುತ್ತಾನೆ. ಅವನು ಗಾಳಿಯಲ್ಲಿ ಇರುವಾಗ ಶೆಂಗುನ್ ಅವನ ಕಂಕುಳ ಕೆಳಗಿಂದ ತೂರಿ ಚೆಂಡು ಹಾಕಿಬಿಡುತ್ತಾನೆ.

ಎಂಟಡಿ ತೋಳಿನವನ ಎದುರು 45 ಪಾಯಿಂಟ್ ಮಾಡಿದ ಗುಟ್ಟೂ ಇದೇ ಅಂತ ನನ್ನ ನಂಬಿಕೆ. ಉದ್ದದ ಕೈಗೆ ಒಂದು ಕಷ್ಟ ಇದೆ. ಅದು ಮೇಲೆ ಇರುವಾಗ ಭಯಂಕರ. ಒಮ್ಮೆ ಹಾರಿಬಿಟ್ಟರೆ, ಕೆಳಗೆ ಬರುವವರೆಗೆ ಅದರಿಂದ ಏನೂ ಉಪಯೋಗ ಇಲ್ಲ. ಆ ಅರ್ಧ ಸೆಕೆಂಡಿನ ಒಳಗೆ ಕೆಲಸ ಮುಗಿಸಲು ಶೆಂಗುನ್‌ಗೆ ಬರುತ್ತದೆ. ಮೈ ಅಂಟಿಸಿಕೊಂಡು ಆಡಿದರೆ ಉದ್ದದ ಕೈಗೆ ಮಡಚಲೂ ಜಾಗ ಸಿಗುವುದಿಲ್ಲ. ಎತ್ತರದ ಮರ ಕಡಿಯಲು ಬುಡಕ್ಕೇ ಹೋಗಬೇಕು, ಅಲ್ವಾ?

ಅವನ ಪಾಸ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. 2023-24ರಲ್ಲಿ ಪಂದ್ಯಕ್ಕೆ 21.1 ಪಾಯಿಂಟ್, 9.3 ರಿಬೌಂಡ್ ಜೊತೆಗೆ 5 ಅಸಿಸ್ಟ್. ಮುಂದಿನ ವರ್ಷ 19.1, 10.3, 4.9. ಬಿಗ್ ಮ್ಯಾನ್ ಒಬ್ಬನಿಗೆ ಐದು ಅಸಿಸ್ಟ್ ಅಂದರೆ ಅವನು ತಂಡದ ಅಡುಗೆ ಭಟ್ಟನೂ ಹೌದು, ಬಡಿಸುವವನೂ ಹೌದು. ಇಬ್ಬರು ಬಂದು ಅವನನ್ನು ಸುತ್ತಿಕೊಂಡರೆ ಅವನಿಗೆ ಖುಷಿ. ಯಾಕೆಂದರೆ ಆಗ ಎಲ್ಲೋ ಒಬ್ಬ ಗೆಳೆಯ ಖಾಲಿ ಇದ್ದೇ ಇರುತ್ತಾನೆ. ತಲೆಯ ಹಿಂದಿನಿಂದ, ಕಾಲ ಸಂದಿನಿಂದ, ಹೇಗಾದರೂ ಚೆಂಡು ಅವನಿಗೆ ತಲುಪುತ್ತದೆ.

ಇಬ್ಬರ ಕೊರತೆಗಳನ್ನೂ ಮುಚ್ಚಿಡುವುದು ಬೇಡ. ಶೆಂಗುನ್ ದೂರದಿಂದ ಹೊಡೆಯುವುದು ಇನ್ನೂ ಕಲಿಯಬೇಕು. 2024-25ರಲ್ಲಿ ನೂರು ತ್ರೀ (ಮೂರು ಪಾಯಿಂಟಿನ ಎಸೆತ) ಹೊಡೆದರೆ 23 ಮಾತ್ರ ಬಿದ್ದವು. ಆಗಲೇ ಹೇಳಿದ ಲೆಕ್ಕದಲ್ಲಿ ನೋಡಿದರೆ ಪ್ರತಿ ಪ್ರಯತ್ನಕ್ಕೆ ಮುಕ್ಕಾಲು ಪಾಯಿಂಟೂ ಇಲ್ಲ. ಹಾಗಾಗಿ ಅವನು ಹೊರಗೆ ನಿಂತಾಗ ಕಾಯುವವನು ಆರಾಮಾಗಿ ಪೇಂಟ್ ಒಳಗೆ ಸರಿದು ನಿಲ್ಲುತ್ತಾನೆ. ಎದುರಾಳಿಯ ತಪ್ಪಿಗೆ ಸಿಗುವ ಅಡ್ಡಿಯಿಲ್ಲದ ಎಸೆತ, ಫ್ರೀ ಥ್ರೋ ಕೂಡ ಹತ್ತಕ್ಕೆ ಏಳರ ಆಸುಪಾಸು. ಕಾಯುವುದರಲ್ಲಿ ಮೊದಲೆರಡು ವರ್ಷ ನಿಜಕ್ಕೂ ಕಷ್ಟಪಟ್ಟ. 2023ರಲ್ಲಿ ಇಮೆ ಉಡೋಕ ಕೋಚ್ ಆಗಿ ಬಂದ ಮೇಲೆ ಸುಧಾರಿಸಿದ. ಹಾರಲು ಆಗದವನು ಮೊದಲೇ ಸರಿಯಾದ ಜಾಗಕ್ಕೆ ಹೋಗಿ ನಿಲ್ಲಬೇಕು. ಅದನ್ನು ಈಗ ಕಲಿತಿದ್ದಾನೆ.

ವೆಂಬನ್ಯಾಮನ ಕೊರತೆ ಬೇರೆ ಥರ. ಎರಡನೇ ವರ್ಷ ಪಂದ್ಯಕ್ಕೆ ಸುಮಾರು ಒಂಬತ್ತು ತ್ರೀ ಎಸೆದ. ನೂರಕ್ಕೆ 35 ಬಿದ್ದವು, ಲೆಕ್ಕದಲ್ಲಿ ನಷ್ಟವಿಲ್ಲ. ಆದರೂ ನನಗೆ ಅದು ಜಾಸ್ತಿ ಅನ್ನಿಸುತ್ತದೆ. ಅವನು ಹೊರಗೆ ನಿಂತಷ್ಟು ಹೊತ್ತೂ ಎದುರಾಳಿಗಳು ಒಳಗೆ ನಿರಾಳ. ಅವನು ಹೊರಗೆ ಯಾಕೆ ನಿಲ್ಲುತ್ತಾನೆ ಅಂದರೆ, ಒಳಗೆ ಹೋದರೆ ಗಿಡ್ಡ, ಗಟ್ಟಿ ಮೈಯವರು ಸೊಂಟಕ್ಕೆ ಒತ್ತಿ ತಳ್ಳುತ್ತಾರೆ. ತೆಳ್ಳಗಿನ ಉದ್ದನೆಯ ಮೈಗೆ ಕೆಳಗಿಂದ ಬರುವ ತಳ್ಳಾಟ ತಡೆಯುವುದು ಕಷ್ಟ.

ಮೈಯ ವಿಷಯ ಬಂತಲ್ಲ, ಇಲ್ಲಿ ನನಗೆ ಹೆದರಿಕೆಯೂ ಇದೆ. 2025ರ ಫೆಬ್ರವರಿಯಲ್ಲಿ, ಲೀಗ್‌ನ ಆಯ್ದ ತಾರೆಯರಷ್ಟೇ ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೊಗೆ ಇಬ್ಬರೂ ಹೋಗಿದ್ದರು. ಇಬ್ಬರಿಗೂ ಅದು ಮೊದಲ ಆಲ್-ಸ್ಟಾರ್. ಟರ್ಕಿಯಿಂದ ಆ ಗೌರವ ಸಿಕ್ಕಿದ್ದು ಮೆಹ್ಮೆತ್ ಓಕುರ್ ನಂತರ ಶೆಂಗುನ್‌ಗೇ. ಅಲ್ಲಿಂದ ಬಂದ ಕೆಲವೇ ದಿನಕ್ಕೆ ವೆಂಬನ್ಯಾಮನ ಬಲಭುಜದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಅಂತ ಸುದ್ದಿ ಬಂತು. ಸೀಸನ್ ಅಲ್ಲಿಗೆ ಮುಗಿಯಿತು. ಅದೇ ತೊಂದರೆಯಿಂದ ಎನ್‌ಬಿಎಯ ದೊಡ್ಡ ಆಟಗಾರ ಕ್ರಿಸ್ ಬಾಷ್ ಆಟವನ್ನೇ ಬಿಡಬೇಕಾಯಿತು ಅನ್ನೋದು ನೆನಪಿದ್ದವರಿಗೆ ಆ ವಾರ ನಿದ್ದೆ ಬರಲಿಲ್ಲ. ದೇವರ ದಯೆ, ಬೇಸಿಗೆಯಲ್ಲಿ ಆಡಲು ವೈದ್ಯರ ಒಪ್ಪಿಗೆ ಸಿಕ್ಕಿತು. ಆದರೆ ಆ ವರ್ಷ ಅವನು ಆಡಿದ್ದು 46 ಪಂದ್ಯ ಮಾತ್ರ. ದೊಡ್ಡ ಪ್ರಶಸ್ತಿಗಳಿಗೆ 65 ಪಂದ್ಯ ಆಡಿರಬೇಕು ಅನ್ನುವ ನಿಯಮ ಇದೆ. ಹಾಗಾಗಿ ಖಚಿತವಾಗಿ ಸಿಗಬೇಕಿದ್ದ ಡಿಫೆನ್ಸ್ ಪ್ರಶಸ್ತಿ ತಪ್ಪಿತು. ಶೆಂಗುನ್ ಅದೇ ವರ್ಷ 76 ಪಂದ್ಯ ಆಡಿದ. ದಿನಾ ಕೆಲಸಕ್ಕೆ ಬರುವುದೂ ಒಂದು ಗುಣ. ರಾಕೆಟ್ಸ್ 52 ಪಂದ್ಯ ಗೆದ್ದದ್ದರಲ್ಲಿ ಆ ಗುಣದ ಪಾಲು ದೊಡ್ಡದು. ಅವನ ಮೊದಲ ವರ್ಷ ಆ ತಂಡ ಗೆದ್ದದ್ದು ಬರೀ 20.

ತೀರಾ ಉದ್ದದವರ ಕಥೆಗಳನ್ನು ಹ್ಯೂಸ್ಟನ್‌ನವರಿಗೆ ಯಾರೂ ಹೇಳಬೇಕಾಗಿಲ್ಲ. ರಾಲ್ಫ್ ಸ್ಯಾಂಪ್ಸನ್, ಏಳಡಿ ನಾಲ್ಕಿಂಚು, 1983ರಲ್ಲಿ ಅಲ್ಲಿಗೇ ಬಂದದ್ದು. ಮಂಡಿ ಕೈಕೊಟ್ಟಿತು. ಯಾವೊ ಮಿಂಗ್, ಏಳಡಿ ಆರಿಂಚು, 2002ರಲ್ಲಿ ಚೀನಾದಿಂದ ಅಲ್ಲಿಗೇ ಬಂದದ್ದು. ಪಾದದ ಮೂಳೆಗಳು ತಡೆಯಲಿಲ್ಲ, 30ನೇ ವಯಸ್ಸಿಗೆ ನಿಲ್ಲಿಸಿದರು. ವೆಂಬನ್ಯಾಮ ಪಂದ್ಯಕ್ಕೆ ಮುಂಚೆ ಬರಿಗಾಲಲ್ಲಿ ಕಾಲ್ಬೆರಳುಗಳಿಗೂ ವ್ಯಾಯಾಮ ಕೊಡುವುದನ್ನು ನೋಡಿ ಕೆಲವರು ನಗುತ್ತಾರೆ. ನನಗೆ ನಗು ಬರುವುದಿಲ್ಲ. ಅಷ್ಟು ಎತ್ತರದ ಮೈ ಇಡೀ ನಿಂತಿರುವುದು ಆ ಬೆರಳುಗಳ ಮೇಲೆ. ಅವನಿಗೆ ಅದು ಗೊತ್ತಿದೆ.

ದೇಶಕ್ಕಾಗಿ ಆಡಿದ್ದರ ಬಗ್ಗೆ ಎರಡು ಮಾತು. ವೆಂಬನ್ಯಾಮ 2024ರ ಒಲಿಂಪಿಕ್ಸ್ ಫೈನಲ್‌ನಲ್ಲಿ, ತನ್ನದೇ ಪ್ಯಾರಿಸ್‌ನಲ್ಲಿ, ಅಮೆರಿಕದ ವಿರುದ್ಧ 26 ಪಾಯಿಂಟ್ ಮಾಡಿದ. ಫ್ರಾನ್ಸ್ 98-87ರಲ್ಲಿ ಸೋತಿತು. ಸೋತ ಮೇಲೆ ಅವನು ಅತ್ತದ್ದನ್ನು ನೀವೆಲ್ಲ ನೋಡಿದ್ದೀರಿ. ಶೆಂಗುನ್ ಹೋದ ತಿಂಗಳಷ್ಟೇ ಯೂರೋಪಿನ ದೇಶಗಳ ಟೂರ್ನಿ ಯೂರೋಬಾಸ್ಕೆಟ್‌ನಲ್ಲಿ ಟರ್ಕಿಯನ್ನು ಫೈನಲ್‌ಗೆ ಎಳೆದುಕೊಂಡು ಹೋದ. ದಾರಿಯಲ್ಲಿ ಯೋಕಿಚ್‌ನ ಸರ್ಬಿಯಾವನ್ನು 95-90ರಲ್ಲಿ ಸೋಲಿಸಿದರು. ಕ್ವಾರ್ಟರ್‌ಫೈನಲ್‌ನಲ್ಲಿ ಪೋಲೆಂಡ್ ವಿರುದ್ಧ ಅವನದು 19 ಪಾಯಿಂಟ್, 12 ರಿಬೌಂಡ್, 10 ಅಸಿಸ್ಟ್. ಫೈನಲ್‌ನಲ್ಲಿ 28 ಪಾಯಿಂಟ್. ಆದರೆ ಜರ್ಮನಿ 88-83ರಲ್ಲಿ ಗೆದ್ದಿತು. ಇಬ್ಬರ ಕೊರಳಲ್ಲೂ ಈಗ ಒಂದೊಂದು ಬೆಳ್ಳಿ ಪದಕ ಇದೆ. ರಕ್ತ ಹೆಪ್ಪುಗಟ್ಟಿದ ತೊಂದರೆಯಿಂದ ಚೇತರಿಸಿಕೊಳ್ಳುತ್ತಿದ್ದ ವೆಂಬನ್ಯಾಮ ಆ ಟೂರ್ನಿಗೆ ಹೋಗಲಿಲ್ಲ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ.

ನಾನು ಬೆಳೆದದ್ದು ಮೈಸೂರಿನ ಕಡೆ. ಎಂಟನೇ ಕ್ಲಾಸಿಗೇ ನಾನು ಆರಡಿ ಹತ್ತಿರ ಇದ್ದೆ. ಶಾಲೆಯ ಮಣ್ಣಿನ ಕೋರ್ಟ್‌ನಲ್ಲಿ ಮೇಷ್ಟ್ರು ನನಗೆ ಹೇಳಿದ ಮಾತು ಒಂದೇ: "ನೀನು ಉದ್ದ ಇದ್ದೀಯ, ರಿಂಗ್ ಕೆಳಗೆ ನಿಂತ್ಕೋ, ಕೈ ಮೇಲೆ ಮಾಡು." ಚೆಂಡು ಸಿಕ್ಕಿ ಎರಡು ಸಲ ಡ್ರಿಬಲ್ ಮಾಡಿದರೆ, ಅಂದರೆ ನೆಲಕ್ಕೆ ಪುಟಿಸಿದರೆ, ವಿಸಿಲ್ ಊದುತ್ತಿದ್ದರು. "ಅದು ಗಿಡ್ಡ ಹುಡುಗರ ಕೆಲಸ, ಅವರಿಗೆ ಕೊಡು." ನಾಲ್ಕು ವರ್ಷ ಕೈ ಮೇಲೆ ಮಾಡಿಕೊಂಡು ನಿಂತೆ. ಕಾಲೇಜಿಗೆ ಬರುವ ಹೊತ್ತಿಗೆ ಉಳಿದವರೂ ಬೆಳೆದಿದ್ದರು. ನನಗೆ ನಿಲ್ಲುವುದು ಬಿಟ್ಟು ಬೇರೆ ಏನೂ ಬರುತ್ತಿರಲಿಲ್ಲ. ಅಲ್ಲಿಗೆ ನನ್ನ ಆಟ ಮುಗಿಯಿತು.

ಅದಕ್ಕೇ ಈ ಇಬ್ಬರನ್ನು ನೋಡಿದಾಗ ನನ್ನ ಹೊಟ್ಟೆಯಲ್ಲಿ ಏನೋ ಆಗುತ್ತದೆ. ವೆಂಬನ್ಯಾಮ ತನ್ನ ವಯಸ್ಸಿನ ಎಲ್ಲರಿಗಿಂತ ಉದ್ದ ಇದ್ದ. ಆದರೂ ಅವನ ಕೈಯಿಂದ ಚೆಂಡು ಕಿತ್ತುಕೊಳ್ಳಲಿಲ್ಲ. ಇವತ್ತು ಅವನು ಗಿಡ್ಡ ಗಾರ್ಡ್‌ಗಳ ಹಾಗೆ ಡ್ರಿಬಲ್ ಮಾಡಿ, ಹಿಂದಕ್ಕೆ ಹೆಜ್ಜೆ ಇಟ್ಟು ತ್ರೀ ಹೊಡೆಯುವುದು ಹುಟ್ಟಿನಿಂದ ಬಂದದ್ದಲ್ಲ. ಶೆಂಗುನ್‌ಗೆ ದೇವರು ಎಂಟಡಿ ತೋಳು ಕೊಡಲಿಲ್ಲ, ಜಿಗಿತವನ್ನೂ ಕೊಡಲಿಲ್ಲ. ಬಾಂದಿರ್ಮದಲ್ಲಿ ಯಾರೋ ಅವನ ಹೆಜ್ಜೆಗಳನ್ನು ತಿದ್ದಿದರು. ಇಬ್ಬರ ಆಟ ಎಷ್ಟೇ ಬೇರೆಯಾದರೂ, ಇಬ್ಬರಿಗೂ "ಸುಮ್ನೆ ರಿಂಗ್ ಕೆಳಗೆ ನಿಂತ್ಕೋ" ಅಂತ ಯಾರೂ ಹೇಳಲಿಲ್ಲ.

ನಮ್ಮ ಸತ್ನಾಮ್ ಸಿಂಗ್ ನೆನಪಾಗುತ್ತಾನೆ. ಪಂಜಾಬಿನ ಹಳ್ಳಿಯ ಹುಡುಗ, ಏಳಡಿ ಎರಡಿಂಚು. 2015ರಲ್ಲಿ ಇದೇ ಟೆಕ್ಸಾಸ್‌ನ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದವರೊಬ್ಬರನ್ನು ಎನ್‌ಬಿಎ ಡ್ರಾಫ್ಟ್‌ನಲ್ಲಿ ಕರೆದದ್ದು ಅದೇ ಮೊದಲು. ಒಂದು ಎನ್‌ಬಿಎ ಪಂದ್ಯವನ್ನೂ ಆಡಲು ಅವನಿಗೆ ಸಿಗಲಿಲ್ಲ. ಅವನ ಶ್ರಮದಲ್ಲಿ ಕೊರತೆ ಇತ್ತು ಅಂತ ನಾನು ಹೇಳಲಾರೆ. ಅವನು ಅಮೆರಿಕಕ್ಕೆ ಬಂದಾಗಲೇ ಹದಿನಾಲ್ಕು ವರ್ಷ ದಾಟಿತ್ತು. ಎಂಟು-ಹತ್ತು ವಯಸ್ಸಿನಲ್ಲಿ ಕಲಿಯುವ ಹೆಜ್ಜೆಗಳನ್ನು ಆಮೇಲೆ ಕಲಿಯುವುದು ಬಹಳ ಕಷ್ಟ.

ಬಾಗಿಲ ಹತ್ತಿರ ಕೇಳಿದ ಹುಡುಗನಿಗೆ ಉತ್ತರ ಬಾಕಿ ಇದೆ. ಒಂದು ತಂಡ ಕಟ್ಟಲು ಒಬ್ಬನನ್ನೇ ಆರಿಸು ಅಂದರೆ ನಾನು ವೆಂಬನ್ಯಾಮನನ್ನು ಆರಿಸುತ್ತೇನೆ. ಎರಡನೇ ಯೋಚನೆ ಮಾಡುವುದಿಲ್ಲ. ಒಬ್ಬನೇ ನಿಂತು ಎದುರು ತಂಡದ ಇಡೀ ಆಟವನ್ನು ಬದಲಾಯಿಸುವವನು ಇನ್ನೊಬ್ಬ ಇಲ್ಲ. ಆದರೆ ಆಟ ಕಲಿಯಲು ಒಬ್ಬನನ್ನು ನೋಡು ಅಂದರೆ ಶೆಂಗುನ್‌ನನ್ನು ತೋರಿಸುತ್ತೇನೆ. ಅವನು ಮಾಡುವುದರಲ್ಲಿ ಮುಕ್ಕಾಲು ಪಾಲು ನಿನಗೂ ಕಲಿಯಲು ಸಾಧ್ಯ.

ಕೆಂಪು ಜರ್ಸಿಯವರು ಚಪ್ಪಾಳೆ ಹೊಡೆಯುವ ಮುಂಚೆ ಇನ್ನೊಂದು ಸುದ್ದಿ. ಹ್ಯೂಸ್ಟನ್ ರಾಕೆಟ್ಸ್‌ನ ಹಳೆಯ ಬಿಗ್ ಮ್ಯಾನ್ ಹಕೀಮ್ ಒಲಾಜುವಾನ್ ಗೊತ್ತಲ್ಲ? ನೈಜೀರಿಯಾದ ಲಾಗೋಸ್‌ನಿಂದ ಬಂದವರು. ಚಿಕ್ಕಂದಿನಲ್ಲಿ ಫುಟ್‌ಬಾಲ್, ಹ್ಯಾಂಡ್‌ಬಾಲ್ ಆಡಿದ್ದ ಕಾಲುಗಳು ಅವರವು. 1995ರಲ್ಲಿ ಸ್ಪರ್ಸ್‌ನ ಡೇವಿಡ್ ರಾಬಿನ್ಸನ್ ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ತಗೊಂಡರು. ಅದರ ಬೆನ್ನಿಗೇ ಒಲಾಜುವಾನ್ ಅವರೆದುರು ಆರು ಪಂದ್ಯಗಳ ಸರಣಿಯಲ್ಲಿ ಸರಾಸರಿ 35 ಪಾಯಿಂಟ್ ಮಾಡಿ ಸ್ಪರ್ಸ್ ಅನ್ನು ಮನೆಗೆ ಕಳಿಸಿದರು. ಎಲ್ಲವೂ ಪಾದದ ಕೆಲಸ. ಸ್ಪರ್ಸ್ ಅಭಿಮಾನಿಗಳಿಗೆ ಮೂವತ್ತು ವರ್ಷವಾದರೂ ಅದು ಮರೆತಿಲ್ಲ. ಈ ಬೇಸಿಗೆಯಲ್ಲಿ ಸ್ಪರ್ಸ್‌ನ ವೆಂಬನ್ಯಾಮ ಪಾದದ ಕೆಲಸ ಕಲಿಯಲು ಹೋಗಿದ್ದು ಅದೇ ಒಲಾಜುವಾನ್ ಹತ್ತಿರ. ಅದಕ್ಕೂ ಮುಂಚೆ ಚೀನಾದ ಶಾವೊಲಿನ್ ಮಠದಲ್ಲಿ ತಲೆ ಬೋಳಿಸಿಕೊಂಡು ಅಭ್ಯಾಸ ಮಾಡಿ ಬಂದಿದ್ದ. ಜಾಗ ಕಿತ್ತುಕೊಳ್ಳುವವನು ಈಗ ಜಾಗ ಹುಟ್ಟಿಸುವುದನ್ನೂ ಕಲಿಯುತ್ತಿದ್ದಾನೆ.

ಮಾತು ಮುಗಿದ ಮೇಲೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹನ್ನೊಂದು ವರ್ಷದ ಹುಡುಗಿ, ಅಮ್ಮನಷ್ಟೇ ಎತ್ತರ. "ಸರ್, ಇವಳನ್ನೂ ರಿಂಗ್ ಕೆಳಗೇ ನಿಲ್ಲಿಸ್ತಾರೆ. ಏನು ಮಾಡೋದು?" ಅಂದರು.

ಕೋಚ್ ಹತ್ತಿರ ಜಗಳ ಬೇಡ, ಮನೆಯಲ್ಲಿ ದಿನಾ ಇಪ್ಪತ್ತು ನಿಮಿಷ ಕೊಡಿ ಅಂದೆ. ಹತ್ತು ನಿಮಿಷ ಎಡಗೈಯಲ್ಲಿ ಮಾತ್ರ ಡ್ರಿಬಲ್. ಇನ್ನು ಹತ್ತು ನಿಮಿಷ ಚೆಂಡೇ ಬೇಡ. ಒಂದು ಕಾಲನ್ನು ನೆಲಕ್ಕೆ ಊರಿ, ಇನ್ನೊಂದು ಕಾಲಲ್ಲಿ ಮುಂದೆ, ಹಿಂದೆ, ಪಕ್ಕಕ್ಕೆ ತಿರುಗುವುದು. ಐದು ನಿಮಿಷ ಎಡಗಾಲು ಊರಿ, ಐದು ನಿಮಿಷ ಬಲಗಾಲು. ಆಮೇಲೆ ಶೆಂಗುನ್ ಆ ಮಾರ್ಚ್ ರಾತ್ರಿ ಆಡಿದ ವಿಡಿಯೊ ಹಾಕಿ, ಟಿವಿಯ ಮೇಲರ್ಧಕ್ಕೆ ಒಂದು ಟವೆಲ್ ಇಳಿಬಿಡಿ. ಕಾಲು ಮಾತ್ರ ಕಾಣಲಿ.

ಹುಡುಗಿ ಅಲ್ಲೇ, ಕುರ್ಚಿಗಳ ನಡುವೆ, ಎಡಗಾಲು ಊರಿ ಒಂದು ಸುತ್ತು ತಿರುಗಿ ನೋಡಿದಳು.